ಸಿಂಡ್ರೆಲಾ ಸೆಟ್ ಬಾಡಿಗೆಗೆ: ಗೌನು ತನ್ನಿ, ವಿಗ್ಗು ಮತ್ತು ಬಿಳಿ ಬಣ್ಣ ಅಂಗಡಿಯಲ್ಲೇ ಬಿಡಿ

ನವೆಂಬರ್ 14ರ ಮಕ್ಕಳ ದಿನಾಚರಣೆಯಿಂದ ಹಿಡಿದು ಜನವರಿಯ ಸ್ಕೂಲ್ ಡೇಗಳು ಮುಗಿಯುವವರೆಗೆ ಮೈಸೂರಿನ ವೇಷ ಬಾಡಿಗೆ ಅಂಗಡಿಗಳಿಗೆ ಪುರುಸೊತ್ತಿಲ್ಲ. ಒನಕೆ ಓಬವ್ವ, ಕೃಷ್ಣ, ವಿವೇಕಾನಂದರ ಪಕ್ಕದಲ್ಲೇ ತಿಳಿನೀಲಿ, ಹಳದಿ, ಗುಲಾಬಿ ನೆಟ್ ಗೌನುಗಳದ್ದೇ ಒಂದು ಸಾಲು. ‘ಸಿಂಡ್ರೆಲಾ ಸೆಟ್’, ‘ಎಲ್ಸಾ ಸೆಟ್’, ‘ಸ್ನೋ ವೈಟ್ ಸೆಟ್’ ಎಂದು ಹೆಸರು ಹೇಳಿ ಕೇಳಿದರೆ ಸಾಕು, ಕವರ್ ಸಮೇತ ಇಳಿಸಿಕೊಡುತ್ತಾರೆ. ಒಂದು ಸೆಟ್ಟಿನಲ್ಲಿ ಸಾಮಾನ್ಯವಾಗಿ ಗೌನು, ಅದನ್ನು ಅರಳಿಸಿ ನಿಲ್ಲಿಸುವ ಒಳಗಿನ ಕ್ಯಾನ್‌ಕ್ಯಾನ್ ಲಂಗ, ಹೊಂಬಣ್ಣದ ವಿಗ್ಗು, ಕಿರೀಟ, ಕೈಗವಸು, ಮಂತ್ರದಂಡ ಇರುತ್ತವೆ. ಕೇಳಿದರೆ ಬೂಟು, ಮೇಲೆ ದುಡ್ಡು ಕೊಟ್ಟರೆ ಮೇಕಪ್. ಇಲ್ಲಿ ಹೇಳುವುದು ಈ ಸೆಟ್ಟಿನ ಬಗ್ಗೆ, ಯಾವುದೋ ಒಂದು ಅಂಗಡಿಯ ಬಗ್ಗೆ ಅಲ್ಲ. ಸರಕು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ.

ಮೊದಲೇ ತೀರ್ಪು ಹೇಳಿಬಿಡುತ್ತೇವೆ. ಗೌನು ತರಬಹುದು. ಕಿರೀಟ ಪರವಾಗಿಲ್ಲ. ಬೂಟು ಬೇಡ. ವಿಗ್ಗು ಬೇಡವೇ ಬೇಡ. ಮುಖಕ್ಕೆ ಬಿಳಿ ಹಚ್ಚುತ್ತೇವೆ ಎಂದರೆ ಅಲ್ಲಿಗೇ ನಿಲ್ಲಿಸಿ. ಇದಕ್ಕೆ ಒಂದು ಕಾರಣ ಬಟ್ಟೆ, ಬಣ್ಣ, ಅಂಟುಗಳ ಗುಣಮಟ್ಟ. ಅದಕ್ಕಿಂತ ದೊಡ್ಡ ಕಾರಣ, ಸೆಟ್ಟಿನ ಮೇಲೆ ಯಾವ ಕಥೆಯ ಹೆಸರಿದೆಯೋ ಆ ಕಥೆಯಲ್ಲೇ ಇಲ್ಲದ ಚೆಲುವನ್ನು ಮಗುವಿನ ಮೈಮೇಲೆ ಹೊರಿಸುವುದು. ಆರು ವರ್ಷದ ಹುಡುಗಿಗೆ ‘ನಿನ್ನ ಕೂದಲು ಮುಚ್ಚಬೇಕು, ನಿನ್ನ ಬಣ್ಣ ಬದಲಾಗಬೇಕು, ಆಮೇಲೆ ನೀನು ರಾಜಕುಮಾರಿ’ ಎಂದು ಹೇಳಿಕೊಡುವ ಹಕ್ಕು ಒಂದು ಬಾಡಿಗೆ ಬಟ್ಟೆಗೆ ಇಲ್ಲ.

ಗೌನಿನ ಬಣ್ಣದಿಂದಲೇ ಶುರು ಮಾಡೋಣ. ಸಿಂಡ್ರೆಲಾ ಎಂದರೆ ನೀಲಿ ಎಂದು ಎಲ್ಲರೂ ನಂಬಿದ್ದಾರೆ. ಫ್ರಾನ್ಸಿನ ಚಾರ್ಲ್ಸ್ ಪೆರೋ 1697ರಲ್ಲಿ ಅಚ್ಚು ಹಾಕಿಸಿದ ಕಥೆಯಲ್ಲಿ ಕುಂಬಳಕಾಯಿ ರಥವಾಗುವುದು, ಆರು ಇಲಿಗಳು ಕುದುರೆಗಳಾಗುವುದು, ಗಾಜಿನ ಪಾದರಕ್ಷೆ ಎಲ್ಲ ಇವೆ. ಅಲ್ಲಿ ಅವಳ ಉಡುಪು ಚಿನ್ನ ಬೆಳ್ಳಿಯ ಎಳೆಗಳಲ್ಲಿ ನೇಯ್ದ, ಹರಳು ಕೂರಿಸಿದ ಬಟ್ಟೆ. ಗ್ರಿಮ್ ಸಹೋದರರ ಜರ್ಮನ್ ಕಥೆಯಲ್ಲೂ ತಾಯಿಯ ಸಮಾಧಿಯ ಮೇಲಿನ ಮರದಿಂದ ಹಕ್ಕಿ ಉದುರಿಸುವುದು ಚಿನ್ನ ಬೆಳ್ಳಿಯ ಉಡುಪನ್ನೇ. 1950ರ ಡಿಸ್ನಿ ಕಾರ್ಟೂನ್ ಚಿತ್ರದಲ್ಲಿ ಕೂಡ ನೃತ್ಯದ ಗೌನು ಬೆಳ್ಳಿಯಂತೆ ಹೊಳೆಯುತ್ತದೆ. ಅದು ಗಟ್ಟಿ ನೀಲಿಯಾಗಿ ನಿಂತದ್ದು ಆಮೇಲೆ ಗೊಂಬೆ ಡಬ್ಬಿ, ಸ್ಟಿಕ್ಕರ್, ಸ್ಕೂಲ್ ಬ್ಯಾಗುಗಳ ಮೇಲೆ. 2015ರಲ್ಲಿ ನಟರನ್ನಿಟ್ಟು ಮಾಡಿದ ಡಿಸ್ನಿಯ ಸಿಂಡ್ರೆಲಾ ಚಿತ್ರ ಆ ನೀಲಿಯನ್ನೇ ಇನ್ನಷ್ಟು ಗಾಢ ಮಾಡಿತು. ನಮ್ಮ ಅಂಗಡಿಗಳಲ್ಲಿ ತೂಗುವುದು ಇದೇ.

ಚಿನ್ನ ಬೆಳ್ಳಿಯ ಎಳೆಯ ಬಟ್ಟೆ ಹುಡುಕಲು ಮೈಸೂರಿನವರು ಎಲ್ಲಿಗೂ ಹೋಗಬೇಕಾಗಿಲ್ಲ. ಮನೆಯಲ್ಲಿರುವ ಜರಿಲಂಗ ತೆಗೆಯಿರಿ. ಇಲ್ಲವಾದರೆ ಜರಿ ಎಳೆ ಸೇರಿದ ತೆಳು ಟಿಶ್ಯೂ ಬಟ್ಟೆ ಮೀಟರ್ ಲೆಕ್ಕದಲ್ಲಿ ತಂದು ಹೊಲಿಸಿ. 22 ಇಂಚು ಸೊಂಟ, 24 ಇಂಚು ಉದ್ದದ ಲಂಗಕ್ಕೆ 44 ಇಂಚು ಪನ್ನದ (ಅಗಲದ) ಟಿಶ್ಯೂ ಎರಡು ತುಂಡು, ಮಡಿಕೆ ಸೇರಿ ಒಂದೂವರೆ ಮೀಟರ್. ಮೇಲಿನ ರವಿಕೆಗೆ ಅರ್ಧ ಮೀಟರ್. ಒಳಗೆ ಅಷ್ಟೇ ಅಳತೆಯ ಕಾಟನ್ ಲೈನಿಂಗ್. ಗೌನಿನ ಹಾಗೆ ಅರಳಿ ನಿಲ್ಲಬೇಕೆಂದರೆ ಒಳಗೆ ಗಟ್ಟಿ ನೆಟ್ ಮೂರು ಪದರ ಕೊಡಿಸಿ. 54 ಇಂಚು ಪನ್ನದ ನೆಟ್ ಆದರೆ ಪದರಕ್ಕೆ ಎರಡು ತುಂಡು, ಒಟ್ಟು ನಾಲ್ಕು ಮೀಟರ್ ಹತ್ತಿರ ಬೇಕು. ಕೆಳಗೆ ನಾಲ್ಕು ಇಂಚು ಮಡಿಚಿ ಕೈಹೊಲಿಗೆ ಹಾಕಿಸಿದರೆ ಎರಡು ವರ್ಷ ಬಿಚ್ಚಿ ಬಿಚ್ಚಿ ಉದ್ದ ಮಾಡಬಹುದು. ಬಾಡಿಗೆ ಗೌನಿಗಿಂತ ಮೊದಲ ಸಲದ ಖರ್ಚು ಹೆಚ್ಚು, ನಿಜ. ಆದರೆ ಇದನ್ನು ಮಗು ಯುಗಾದಿಗೂ ಉಡುತ್ತದೆ, ಪೆರೋ ಬರೆದ ಉಡುಪಿಗೂ ಇದೇ ಹತ್ತಿರ.

ಬಾಡಿಗೆಗೇ ತರುವುದಾದರೆ ಗೌನನ್ನು ಹೀಗೆ ನೋಡಿ. ಬಟ್ಟೆ ಬಹುತೇಕ ಪಾಲಿಯೆಸ್ಟರ್ ಸ್ಯಾಟಿನ್, ಮೇಲೆ ಗ್ಲಿಟರ್ ಅಂಟಿಸಿದ ನೆಟ್. ಲೇಬಲ್ಲಿನ ವಯಸ್ಸು ನಂಬಬೇಡಿ, ಟೇಪು ಹಿಡಿಯಿರಿ. ಮಗುವಿನ ಎದೆ ಸುತ್ತಳತೆಗಿಂತ ಗೌನು ಎರಡು ಇಂಚು ಸಡಿಲ ಇರಬೇಕು. ಭುಜದಿಂದ ಅಳೆದರೆ ಅಂಚು ನೆಲಕ್ಕಿಂತ ಎರಡು ಇಂಚು ಮೇಲೆ ನಿಲ್ಲಬೇಕು, ನೆಲ ಮುಟ್ಟಿದರೆ ಮೆಟ್ಟಿಲಲ್ಲಿ ಕಾಲಿಗೆ ಸಿಕ್ಕುವುದು ಖಂಡಿತ. ಬೆನ್ನಿಗೆ ಜಿಪ್ ಇರುವುದಕ್ಕಿಂತ ಎಳೆದು ಕಟ್ಟುವ ಡೋರಿ ಇರುವುದು ಒಳ್ಳೆಯದು. ಜಿಪ್ ಹಲ್ಲಿಗೆ ಒಳಗಿನ ನೆಟ್ ಸಿಕ್ಕಿಕೊಂಡು ಗ್ರೀನ್ ರೂಮಿನಲ್ಲೇ ಹರಿಯುತ್ತದೆ, ಡೋರಿ ಇದ್ದರೆ ಒಂದೆರಡು ಇಂಚು ಹಿಗ್ಗಿಸಬಹುದು. ಜಿಪ್ ಇರುವುದೇ ಸಿಕ್ಕಿದರೆ ಅದರ ಹಲ್ಲಿಗೆ ಮೇಣದ ಬತ್ತಿ ಉಜ್ಜಿ, ಒಳಗಡೆ ಒಂದು ಇಂಚು ಅಗಲದ ಕಾಟನ್ ಪಟ್ಟಿ ಕೊಟ್ಟು ಟಾಕಿ.

ಕಂಕುಳ ಹೊಲಿಗೆ ಎರಡೂ ಕಡೆ ಎಳೆದು ನೋಡಿ, ಮೊದಲು ಬಿಡುವುದು ಅಲ್ಲೇ. ಬೆವರು ವಾಸನೆ ಬರುತ್ತಿದ್ದರೆ ಬೇರೆ ಪೀಸು ಕೇಳಿ. ಸೀಸನ್ನಿನಲ್ಲಿ ಒಂದು ಶಾಲೆಯಿಂದ ಬಂದದ್ದು ಒಗೆಯದೆ ಇನ್ನೊಂದಕ್ಕೆ ಹೋಗುವುದುಂಟು. ಗ್ಲಿಟರ್ ನೆಟ್ ಕುತ್ತಿಗೆ, ಕಂಕುಳನ್ನು ಕೆರೆದು ಕೆಂಪು ಮಾಡುತ್ತದೆ, ಒಳಗೆ ತೋಳಿಲ್ಲದ ಕಾಟನ್ ಬನಿಯನ್ ಹಾಕಲೇಬೇಕು. ಸುಕ್ಕು ತೆಗೆಯಲು ನೆಟ್ ಮೇಲೆ ಇಸ್ತ್ರಿ ಇಟ್ಟರೆ ಕರಗಿ ತೂತಾಗುತ್ತದೆ. ಬಚ್ಚಲಲ್ಲಿ ಬಿಸಿನೀರು ಬಿಟ್ಟು ಆವಿಯಲ್ಲಿ ಅರ್ಧ ಗಂಟೆ ತೂಗುಹಾಕಿದರೆ ಸಾಕು. ಎಲ್ಲಕ್ಕಿಂತ ಮುಖ್ಯವಾದದ್ದು: ಈ ಬಟ್ಟೆ ಬೆಂಕಿಗೆ ಬೇಗ ಹತ್ತುತ್ತದೆ, ಹತ್ತಿದ ಮೇಲೆ ಕರಗಿ ಚರ್ಮಕ್ಕೆ ಅಂಟುತ್ತದೆ. ಕಾರ್ಯಕ್ರಮದ ದೀಪ ಬೆಳಗುವಾಗ ಈ ಗೌನು ಹಾಕಿದ ಮಕ್ಕಳನ್ನು ದೀಪದ ಕಂಬದ ಹತ್ತಿರ ನಿಲ್ಲಿಸಬಾರದು. ಸ್ಕೂಟರಿನಲ್ಲಿ ಗೌನು ಹಾಕಿಸಿ ಕೂರಿಸಿಕೊಂಡು ಹೋಗುವುದೂ ಬೇಡ, ನೆಟ್ ಹಿಂದಿನ ಚಕ್ರಕ್ಕೆ ಸುತ್ತಿಕೊಳ್ಳುತ್ತದೆ. ಕವರಿನಲ್ಲಿ ಒಯ್ದು ಶಾಲೆಯಲ್ಲೇ ಹಾಕಿ.

ಕೆಲವು ಗೌನುಗಳಿಗೆ ಸೊಂಟದಲ್ಲಿ ಬಿಗಿಯಾದ ಬೆಲ್ಟು, ಕೆಳಗೆ ಪ್ಲಾಸ್ಟಿಕ್ ರಿಂಗು ಬರುತ್ತದೆ. ರಿಂಗು ತೆಗೆದಿಡಿ. ಅದನ್ನು ಹಾಕಿಕೊಂಡು ಮಗು ಕುರ್ಚಿಯಲ್ಲಿ ಕೂರಲಾರದು, ಶೌಚಕ್ಕೆ ಹೋಗಲಾರದು; ಸರದಿಗಾಗಿ ಗಂಟೆಗಟ್ಟಲೆ ನಿಂತೇ ಕಾಯಬೇಕಾಗುತ್ತದೆ. ಬೆಲ್ಟಿನ ವಿಚಾರ ಬಂದಾಗ ಕಥೆಯನ್ನು ಒಮ್ಮೆ ನೆನಪಿಸಿಕೊಳ್ಳಬೇಕು. ಪೆರೋ ಕಥೆಯಲ್ಲಿ ಸೊಂಟ ಸಣ್ಣ ಮಾಡಿಕೊಳ್ಳಲು ಹನ್ನೆರಡಕ್ಕೂ ಹೆಚ್ಚು ಲಾಡಿಗಳನ್ನು ಕಿತ್ತುಹೋಗುವಷ್ಟು ಬಿಗಿದುಕೊಂಡು, ಎರಡು ದಿನದಷ್ಟು ಊಟ ಬಿಟ್ಟವರು ಮಲಅಕ್ಕಂದಿರು. ಸಿಂಡ್ರೆಲಾ ಅಲ್ಲ. 2015ರ ಚಿತ್ರದಲ್ಲಿ ಕಾರ್ಸೆಟ್ (ಸೊಂಟ ಅಮುಕುವ ಗಟ್ಟಿ ಒಳರವಿಕೆ) ಬಿಗಿದ ತೀರಾ ಸಣ್ಣ ಸೊಂಟ ಸಿಂಡ್ರೆಲಾ ಪಾಲಿಗೆ ಬಂತು, ಅದರ ಬಗ್ಗೆ ಆಗ ದೊಡ್ಡ ಚರ್ಚೆಯೇ ಆಯಿತು. ಎರಡು ವರ್ಷದ ನಂತರ, 2017ರ ಬ್ಯೂಟಿ ಆ್ಯಂಡ್ ದ ಬೀಸ್ಟ್ ಚಿತ್ರದಲ್ಲಿ ನಟಿ ಎಮ್ಮಾ ವಾಟ್ಸನ್ ಕಾರ್ಸೆಟ್ ಬೇಡವೆಂದರು, ಹಳದಿ ಗೌನು ಅದಿಲ್ಲದೆಯೇ ಸಿದ್ಧವಾಯಿತು. ಚಿತ್ರ ಚೆನ್ನಾಗಿಯೇ ಓಡಿತು. ಮಕ್ಕಳ ಬೆಲ್ಟಿನೊಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಹೋಗದಿದ್ದರೆ ಹುಕ್ಕನ್ನು ಮುಂದಕ್ಕೆ ಸರಿಸಿ ಟಾಕಿ, ಅಥವಾ ಬೆಲ್ಟನ್ನೇ ಬಿಡಿ.

ಕೊಳಕು ಮುಖದ ಮಲಅಕ್ಕಂದಿರು ಎನ್ನುವುದೂ ಈ ಹಳೆಯ ಕಥೆಗಳದ್ದಲ್ಲ, ರಂಗ ಮತ್ತು ಸಿನಿಮಾಗಳ ಕೊಡುಗೆ. ಗ್ರಿಮ್ ಕಥೆಯಲ್ಲಿ ಅವರು ನೋಡಲು ಚೆಲುವೆಯರು, ಬಿಳಿ ಮುಖದವರು. ಕೆಟ್ಟದ್ದು ಅವರ ಮನಸ್ಸು. ಪಾದರಕ್ಷೆಗೆ ಕಾಲು ಹಿಡಿಸಲೆಂದು ಒಬ್ಬಳು ಹೆಬ್ಬೆರಳನ್ನೇ, ಇನ್ನೊಬ್ಬಳು ಹಿಮ್ಮಡಿಯನ್ನೇ ಕತ್ತರಿಸಿಕೊಳ್ಳುತ್ತಾಳೆ. 1950ರ ಕಾರ್ಟೂನು ಅವರಿಗೆ ದೊಡ್ಡ ಮೂಗು, ಒಡ್ಡೊಡ್ಡಾದ ಕೈಕಾಲು ಕೊಟ್ಟು, ಕೆಟ್ಟವರೆಂದರೆ ಕುರೂಪಿಗಳು ಎಂದು ಒಂದೇ ನೋಟಕ್ಕೆ ಗೊತ್ತಾಗುವಂತೆ ಮಾಡಿತು. ಶಾಲೆಯ ನಾಟಕಗಳಲ್ಲಿ ಈ ಪಾತ್ರಗಳನ್ನು ದಪ್ಪಗಿರುವ ಅಥವಾ ಕಪ್ಪಗಿರುವ ಹುಡುಗಿಯರಿಗೆ ಕೊಡುವ ಕೆಟ್ಟ ರೂಢಿಯ ಹಿಂದಿರುವುದೂ ಇದೇ ಎಣಿಕೆ. ಅಂಗಡಿಯಲ್ಲಿ ‘ಅಕ್ಕಂದಿರ ಸೆಟ್’ ಎಂದು ನಕಲಿ ಮೂಗು, ಹೊಟ್ಟೆಗೆ ತುರುಕುವ ದಿಂಬು ಕೊಟ್ಟರೆ ಬೇಡ ಎನ್ನಿ. ಅವರಿಗೂ ಒಳ್ಳೆಯ ಲಂಗವನ್ನೇ ಉಡಿಸಿ. ಪೆರೋ ಕಥೆಯಲ್ಲಿ ದೊಡ್ಡವಳು ಕೆಂಪು ಮಖಮಲ್ ಉಟ್ಟಿದ್ದಾಳೆ. ಮಾತು, ನಡೆಯಲ್ಲೇ ಅವರ ಗುಣ ಕಾಣಲಿ.

ಇನ್ನು ವಿಗ್ಗು. ಸೆಟ್ಟಿನಲ್ಲಿ ಇದಕ್ಕಿಂತ ಕೆಟ್ಟ ಸಾಮಾನು ಇನ್ನೊಂದಿಲ್ಲ. ಬಾಡಿಗೆಗೆ ಸಿಗುವ ಹಳದಿ ಕೂದಲು ಅಗ್ಗದ ಸಿಂಥೆಟಿಕ್ ಎಳೆ. ಎಳೆಗಳು ಒಂದಕ್ಕೊಂದು ಉಜ್ಜಿ ಕುತ್ತಿಗೆಯ ಹತ್ತಿರ ಜಡೆಗಟ್ಟುತ್ತವೆ, ಅಲ್ಲಿಂದ ಸರಿಯಾಗುವುದೇ ಇಲ್ಲ. ಒಳಬಲೆ ಹೆಚ್ಚಾಗಿ ದೊಡ್ಡವರ ತಲೆಯ ಅಳತೆಯದು, 22ರಿಂದ 23 ಇಂಚು. ಐದಾರು ವರ್ಷದ ಮಗುವಿನ ತಲೆ 20ರಿಂದ 21 ಇಂಚು. ಹಾಗಾಗಿ ಎರಡು ಹೆಜ್ಜೆ ಕುಣಿದ ಕೂಡಲೇ ಹಣೆಯ ಮೇಲೆ ಜಾರಿ ಕಣ್ಣು ಮುಚ್ಚುತ್ತದೆ. ಬಿಗಿ ಮಾಡಲು ಹೇರ್‌ಪಿನ್ ಚುಚ್ಚಿದರೆ ನೆತ್ತಿ ಉರಿ. ಹೇನಿನ ಭಯ ಬೇರೆ. ಹೇನು ತಲೆ ಬಿಟ್ಟರೆ ಒಂದೆರಡು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ, ಆದರೆ ಸೀಸನ್ನಿನಲ್ಲಿ ವಿಗ್ಗುಗಳು ಅಷ್ಟು ದಿನ ಸುಮ್ಮನೆ ಕೂರುವುದಿಲ್ಲ.

ಹಾಗಿದ್ದೂ ಹಾಕಲೇಬೇಕಾದರೆ, ಶಾಲೆಯವರು ಪಟ್ಟು ಹಿಡಿದರೆ, ನಾಲ್ಕು ದಿನ ಮೊದಲೇ ತಂದು ಪ್ಲಾಸ್ಟಿಕ್ ಕವರಿನಲ್ಲಿ ಗಾಳಿಯಾಡದಂತೆ ಕಟ್ಟಿಡಿ. ಆಮೇಲೆ ತಣ್ಣೀರಿಗೆ ಒಂದು ಚಮಚ ಶಾಂಪೂ ಹಾಕಿ ಅದ್ದಿ ತೆಗೆಯಿರಿ, ಹಿಂಡಬೇಡಿ, ನೆರಳಿನಲ್ಲಿ ಒಣಗಿಸಿ. ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಶುರು ಮಾಡಿ ಬುಡದ ಕಡೆ ಬನ್ನಿ. ಡ್ರೈಯರ್, ಸ್ಟ್ರೇಟ್ನರ್ ತೋರಿಸಿದರೆ ಎಳೆ ಸುರುಟಿ ಗಂಟಾಗುತ್ತದೆ. ಮಗುವಿನ ಕೂದಲನ್ನು ಎರಡು ಚಪ್ಪಟೆ ಜಡೆ ಹೆಣೆದು ತಲೆಗೆ ಸುತ್ತಿ, ಮೇಲೆ ಕಾಟನ್ ಟೋಪಿ, ಆಮೇಲೆ ವಿಗ್ಗು. ಕ್ಲಿಪ್ಪು ಹಣೆ, ಎರಡು ಕಿವಿ ಮೇಲೆ, ಹಿಂಗುತ್ತಿಗೆ, ಹೀಗೆ ನಾಲ್ಕು ಕಡೆ.

ಆದರೆ ಹಾಕಲೇಬೇಕೇ ಎನ್ನುವುದು ಪ್ರಶ್ನೆ. ಸ್ನೋ ವೈಟ್ ಕೂದಲು ಕಥೆಯಲ್ಲೇ ಕರಿಮರದಷ್ಟು ಕಪ್ಪು. ನಮ್ಮ ಮಕ್ಕಳ ಕೂದಲೇ ಅದು, ಅದರ ಮೇಲೆ ಇನ್ನೊಂದು ಕಪ್ಪು ವಿಗ್ಗು ಬಾಡಿಗೆಗೆ ಕೊಡುವುದು ಶುದ್ಧ ದಂಡ. ರಪಂಜಲ್ ಕಥೆಗೆ ಉದ್ದ ಕೂದಲು ಬೇಕೇ ಬೇಕು, ಅದಿಲ್ಲದೆ ಗೋಪುರ ಹತ್ತುವವರಿಲ್ಲ. ಅದಕ್ಕೆ ನಮ್ಮಲ್ಲಿ ಚೌರಿ ಇದೆ. ಮಗುವಿನ ಸ್ವಂತ ಜಡೆಗೆ ಚೌರಿ ಸೇರಿಸಿ, ಅದಕ್ಕೆ ಮೂರು ಎಳೆ ಕಪ್ಪು ಉಣ್ಣೆ, ಒಂದು ಎಳೆ ಜರಿದಾರ ಕೂಡಿಸಿ ನಾಲ್ಕು ಮೀಟರ್ ಹೆಣೆದರೆ ಬೆಳಕಿಗೆ ಮಿಂಚುತ್ತದೆ, ಹೆಚ್ಚು ಭಾರ ಇರುವುದಿಲ್ಲ. ಭಾರ ನೆತ್ತಿಗೆ ಬೀಳದಂತೆ ಜಡೆಯನ್ನು ಬೆನ್ನ ಮೇಲೆ ರವಿಕೆಗೆ ಒಂದು ಪಿನ್ನಿನಿಂದ ಹಿಡಿಸಿ. ಸಿಂಡ್ರೆಲಾಗೆ ಮೊಗ್ಗಿನ ಜಡೆಗಿಂತ ದೊಡ್ಡ ಕಿರೀಟ ಯಾವುದಿದೆ? ಚಳಿಗಾಲದಲ್ಲಿ ಮೈಸೂರು ಮಲ್ಲಿಗೆ ದುಬಾರಿ, ದೇವರಾಜ ಮಾರುಕಟ್ಟೆಯಲ್ಲಿ ಕಾಕಡ ಕೇಳಿ. ಹಿಂದಿನ ರಾತ್ರಿ ಹೆಣೆದು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಬೆಳಗ್ಗೆವರೆಗೂ ಮೊಗ್ಗಾಗಿಯೇ ಇರುತ್ತದೆ.

ಮೇಕಪ್ಪಿನ ವಿಚಾರಕ್ಕೆ ಬರೋಣ, ಅಸಲು ತೊಂದರೆ ಇರುವುದು ಇಲ್ಲೇ. ‘ಬಿಳಿ ಹೊಡೀಬೇಕು ಮೇಡಂ, ಇಲ್ಲಾಂದ್ರೆ ಸ್ಟೇಜ್ ಮೇಲೆ ಮಗು ಕಾಣಲ್ಲ’ ಎನ್ನುತ್ತಾರೆ. ಸ್ಪಂಜು ನೀರಿಗೆ ಅದ್ದಿ, ಮೈಬಣ್ಣಕ್ಕಿಂತ ಎರಡು ಮೂರು ಛಾಯೆ ತಿಳಿಯಾದ ಪ್ಯಾನ್‌ಕೇಕ್ (ಬಿಲ್ಲೆಯಂತಿರುವ ಗಟ್ಟಿ ಮೇಕಪ್ ಬಣ್ಣ) ಹಚ್ಚುತ್ತಾರೆ. ಹಣೆಯಿಂದ ಶುರುವಾಗಿ ಗಲ್ಲದಂಚಿಗೆ ನಿಲ್ಲುತ್ತದೆ. ಕಿವಿ ಹಾಗೇ, ಕುತ್ತಿಗೆ ಹಾಗೇ, ಕೈ ಹಾಗೇ. ಕೂದಲಂಚಿನಲ್ಲಿ ಒಂದು ಬಿಳಿ ಗೆರೆ. ಮಗು ನಕ್ಕಾಗ ತುಟಿಯ ಪಕ್ಕ ಬಿರುಕು. ಹತ್ತು ನಿಮಿಷಕ್ಕೆ ಮೂಗಿನ ಮೇಲೆ ಬೆವರೊಡೆದು ಒಳಗಿನ ಬಣ್ಣ ಚುಕ್ಕೆ ಚುಕ್ಕೆಯಾಗಿ ಇಣುಕುತ್ತದೆ. ಮುಖ ಬೂದಿ ಬಳಿದ ಹಾಗೆ ಕಾಣುತ್ತದೆ. ಇದು ಮೇಕಪ್ ಮಾಡಿದವರ ಕೈತಪ್ಪಲ್ಲ, ಬಣ್ಣದ ಗುಣವೇ ಹಾಗೆ. ಪ್ಯಾನ್‌ಕೇಕಿನ ಬಿಳುಪು ಬರುವುದು ಟೈಟೇನಿಯಂ ಡೈಆಕ್ಸೈಡ್, ಸತುವಿನ ಆಕ್ಸೈಡ್‌ಗಳಿಂದ. ಕಂದು ಚರ್ಮದ ಮೇಲೆ ತೆಳ್ಳಗಿನ ಬಿಳಿ ಪದರ ನೀಲಿ ಛಾಯೆಯನ್ನು ಹೆಚ್ಚು ಚೆದುರಿಸುತ್ತದೆ, ಕೆಳಗಿನ ಕಂದು ಅದರೊಂದಿಗೆ ಸೇರಿ ಬೂದಿಯಾಗುತ್ತದೆ. ಬಿಳಿ ಎಲ್‌ಇಡಿ ಮತ್ತು ಮೊಬೈಲ್ ಫ್ಲ್ಯಾಶಿನಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಫೋಟೊದಲ್ಲಿ ಮಗುವಿನ ಮುಖ ಬೇರೆ, ಕೈ ಬೇರೆಯಾಗಿ ಉಳಿಯುತ್ತದೆ.

ಸ್ಟೇಜಿನ ಮೇಲೆ ಕಾಣುವುದು ಬೆಳಕಿನ ಕೆಲಸ. ಎದುರಿನಿಂದ, ಮೇಲೆ 45 ಡಿಗ್ರಿ ಕೋನದಲ್ಲಿ ಎರಡು ಬದಿಯಿಂದ ದೀಪ ಬಿಡಲು ಹೇಳಿ. ಒಂದಕ್ಕಾದರೂ ತಿಳಿ ಹಳದಿ ಅಥವಾ ಅಂಬರ್ ಹಾಳೆ ಹಾಕಿಸಿ. ಕಂದು ಮೈಬಣ್ಣ ಆ ಬೆಳಕಿನಲ್ಲಿ ಬೆಚ್ಚಗೆ ಹೊಳೆಯುತ್ತದೆ. ಕಡುನೀಲಿ ಬೆಳಕನ್ನು ಮಾತ್ರ ಮುಖದ ಮೇಲೆ ಬಿಡಬಾರದು, ಕೆಂಪು, ಕಂದು ಛಾಯೆಗಳೆಲ್ಲ ಅದರಲ್ಲಿ ಮಂಕಾಗುತ್ತವೆ. ಹಿಂದಿನ ಪರದೆ ಕಪ್ಪು ಅಥವಾ ಕಡುಗೆಂಪು ಇದ್ದರೆ ತಿಳಿಬಣ್ಣದ ಒಂದು ಬಟ್ಟೆ ಇಳಿಬಿಡಿ. ಇಷ್ಟು ಮಾಡಿದರೆ ಕೊನೆಯ ಸಾಲಿನ ಅಜ್ಜಿಗೂ ಮೊಮ್ಮಗಳ ಮುಖ ಕಾಣುತ್ತದೆ.

ಮಗುವಿಗೆ ಬೇಕಾದ ಮೇಕಪ್ ಇಷ್ಟೇ. ಹಿಂದಿನ ದಿನ ಮೊಣಕೈ ಒಳಬದಿಗೆ ಬಣ್ಣ ಸ್ವಲ್ಪ ಹಚ್ಚಿ ನೋಡಿ, ಕೆಂಪಗಾದರೆ ಅಥವಾ ಕೆರೆತ ಬಂದರೆ ಬಿಟ್ಟುಬಿಡಿ. ಛಾಯೆ ಆರಿಸುವಾಗ ಮಣಿಕಟ್ಟಿಗೆ ಹಚ್ಚಿ ನೋಡಬೇಡಿ, ದವಡೆಯ ಅಂಚಿಗೆ ಹಚ್ಚಿ ಹಗಲು ಬೆಳಕಿನಲ್ಲಿ ನೋಡಿ. ಯಾವುದು ಕಣ್ಣಿಗೆ ಕಾಣದೆ ಮಾಯವಾಗುತ್ತದೋ ಅದೇ ಸರಿಯಾದ ಛಾಯೆ. ತೆಳುವಾಗಿ ಒಂದೇ ಸಲ ಹಚ್ಚಿ, ಕಿವಿ ಕುತ್ತಿಗೆಗೂ ಒರೆಸಿ. ಹುಬ್ಬು ಮತ್ತು ಕಣ್ಣಂಚು ಸ್ವಲ್ಪ ಗಾಢ ಮಾಡಿ, ತುಟಿಗೆ ಇಟ್ಟಿಗೆಗೆಂಪು. ಗ್ಲಿಟರ್ ಕಣ್ಣಿನ ಹತ್ತಿರ ಬೇಡ, ಕರಕುಶಲದ ಗ್ಲಿಟರಿನ ಚೂಪಾದ ತುಣುಕು ಕಣ್ಣಿಗೆ ಗೀರು ಹಾಕುತ್ತದೆ. ತೆಗೆಯುವಾಗ ಕೊಬ್ಬರಿ ಎಣ್ಣೆ, ಹತ್ತಿ, ಆಮೇಲೆ ಮೆದು ಸೋಪು. ಲೇಬಲ್ ಇಲ್ಲದ ಪುಡಿಬಣ್ಣ ಯಾವುದನ್ನೂ ಮುಟ್ಟಿಸಬೇಡಿ. ಹಳೆಯ ಬಣ್ಣದ ಪೆಟ್ಟಿಗೆಗಳಲ್ಲಿ ಇರುತ್ತಿದ್ದ ಅರದಾಳ ಆರ್ಸೆನಿಕ್ ಇರುವ ಖನಿಜ, ಇಂಗಳೀಕ ಪಾದರಸ ಇರುವುದು. ಮಕ್ಕಳ ಚರ್ಮಕ್ಕೆ ಎರಡೂ ಸಲ್ಲ.

ಬಿಳಿ ಬಣ್ಣಕ್ಕೆ ಕಥೆಯ ಆಧಾರ ಕೊಡುವವರಿದ್ದಾರೆ. ಸ್ನೋ ವೈಟ್ ವಿಷಯದಲ್ಲಿ ಅದು ಒಪ್ಪಬೇಕಾದ ಮಾತೇ: ಹಿಮದಷ್ಟು ಬಿಳಿ, ರಕ್ತದಷ್ಟು ಕೆಂಪು, ಕರಿಮರದಷ್ಟು ಕಪ್ಪು ಎಂದು ಗ್ರಿಮ್ ಕಥೆಯ ಮೊದಲಲ್ಲೇ ಇದೆ. ಆದರೆ ಅದೇ ಕಥೆಯಲ್ಲಿ ಕನ್ನಡಿ ಅವಳನ್ನು ಎಲ್ಲರಿಗಿಂತ ಚೆಲುವೆ ಎನ್ನುವಾಗ ಅವಳಿಗೆ ಏಳೇ ವರ್ಷ. ರಾಣಿ ಅವಳನ್ನು ಕೊಲ್ಲಲು ಮೂರು ಸಲ ಮಾರುವೇಷದಲ್ಲಿ ಬರುತ್ತಾಳೆ. ಮೊದಲ ಸಲ ತರುವುದು ರವಿಕೆ ಬಿಗಿಯುವ ಬಣ್ಣದ ಲಾಡಿ. ಉಸಿರು ಕಟ್ಟುವಂತೆ ಬಿಗಿಯುತ್ತಾಳೆ. ಎರಡನೆಯ ಸಲ ವಿಷದ ಬಾಚಣಿಗೆ. ಸೇಬು ಬರುವುದು ಮೂರನೆಯ ಸಲ. 1937ರ ಡಿಸ್ನಿ ಚಿತ್ರ ಸೇಬನ್ನು ಮಾತ್ರ ಉಳಿಸಿಕೊಂಡಿತು, ಹಾಗಾಗಿ ಬಾಡಿಗೆ ಸೆಟ್ಟಿನಲ್ಲೂ ಒಂದು ಪ್ಲಾಸ್ಟಿಕ್ ಸೇಬು ಬರುತ್ತದೆ. ಅಂದ ಹೆಚ್ಚಿಸುವ ಸಾಮಾನು ಹಿಡಿದು ಬಾಗಿಲಿಗೆ ಬಂದವಳೇ ಮಗುವಿಗೆ ಅಪಾಯ ಎನ್ನುವ ಆ ಎರಡು ದೃಶ್ಯಗಳು ಶಾಲಾ ನಾಟಕಕ್ಕೆ ಹೇಳಿ ಮಾಡಿಸಿದಂತಿವೆ. ಒಂದು ಕೆಂಪು ಟೇಪು, ಒಂದು ಮರದ ಬಾಚಣಿಗೆ ಸಾಕು. ಬಿಳುಪನ್ನು ಮುಖದಲ್ಲಿ ತೋರಿಸಬೇಕಾಗಿಲ್ಲ. ಬಿಳಿ ಕಾಲರು, ಕೆಂಪು ರಿಬ್ಬನ್, ಮಗುವಿನ ಸ್ವಂತ ಕಪ್ಪು ಕೂದಲು ಸೇರಿದರೆ ಮೂರು ಬಣ್ಣವೂ ಬಂತು.

ಸಿನಿಮಾದವರೇ ಈಗ ಬದಲಾಗಿದ್ದಾರೆ ಎನ್ನುವುದನ್ನೂ ಗಮನಿಸಬೇಕು. 2023ರ ಲಿಟ್ಲ್ ಮರ್ಮೇಡ್ ಚಿತ್ರದಲ್ಲಿ ಮತ್ಸ್ಯಕನ್ಯೆಯಾದದ್ದು ಕಪ್ಪು ವರ್ಣದ ಹ್ಯಾಲಿ ಬೇಲಿ, ಅವರ ಕೂದಲಿನ ಗುಂಗುರು ಜಟೆಗಳನ್ನೂ ಉಳಿಸಿಕೊಂಡೇ. 2025ರ ಸ್ನೋ ವೈಟ್ ಚಿತ್ರ ಆ ಹೆಸರಿಗೆ ಹುಟ್ಟಿದ ರಾತ್ರಿಯ ಹಿಮಬಿರುಗಾಳಿಯನ್ನು ಕಾರಣ ಮಾಡಿತು, ಮೈಬಣ್ಣವನ್ನಲ್ಲ. ಎರಡಕ್ಕೂ ವಿರೋಧ ಬಂತು, ಆದರೂ ಚಿತ್ರಗಳು ಬಂದವು. ನಮ್ಮ ಅಂಗಡಿಗಳ ಹ್ಯಾಂಗರು ಮಾತ್ರ 1950ರಲ್ಲೇ ನಿಂತಿದೆ. ಮಹಾಭಾರತದ ದ್ರೌಪದಿ ಕಪ್ಪು ಮೈಬಣ್ಣದ ಚೆಲುವೆ ಎಂದು ಊರೂರಲ್ಲಿ ಕುರುಕ್ಷೇತ್ರ ನಾಟಕ ಆಡಿಸುವ ಮಂಡ್ಯದ ಸೀಮೆಗೆ ಹೊಸದಾಗಿ ಹೇಳಬೇಕಾಗಿಲ್ಲ.

ಮತ್ಸ್ಯಕನ್ಯೆಯ ಸೆಟ್ಟಿನ ಬಗ್ಗೆ ಎರಡೇ ಮಾತು. ಬಾಲ ಕಣಕಾಲಿನ ಹತ್ತಿರ ಹೊಲಿದು ಮುಚ್ಚಿರುತ್ತದೆ, ಮಗು ಕುಪ್ಪಳಿಸಿಯೇ ನಡೆಯಬೇಕು, ಬೀಳುತ್ತದೆ. ಹಿಂಬದಿ ಹೊಲಿಗೆಯನ್ನು ಮೊಣಕಾಲಿನವರೆಗೆ ಬಿಚ್ಚಲು ಒಪ್ಪುವ ಅಂಗಡಿಯಲ್ಲಿ ಮಾತ್ರ ತನ್ನಿ. ಡೆನ್ಮಾರ್ಕಿನ ಆಂಡರ್ಸನ್ 1837ರಲ್ಲಿ ಪ್ರಕಟಿಸಿದ ಮತ್ಸ್ಯಕನ್ಯೆಯ ಮೂಲಕಥೆಯಲ್ಲಿ ಅಜ್ಜಿ ಮೊಮ್ಮಗಳ ಬಾಲಕ್ಕೆ ಎಂಟು ಸಿಂಪಿಗಳನ್ನು ಕಚ್ಚಿಸುತ್ತಾಳೆ. ನೋಯುತ್ತದೆ ಎಂದರೆ ಅಂದಕ್ಕಾಗಿ ಸಹಿಸಬೇಕು ಎನ್ನುತ್ತಾಳೆ. ಆ ಮಾತಿನ ಬೆಲೆ ಏನೆಂದು ಕಥೆ ಕೊನೆಯವರೆಗೂ ತೋರಿಸುತ್ತದೆ, ಚಿತ್ರಗಳು ಅದನ್ನು ಬಿಟ್ಟಿವೆ.

ಬೂಟು ಪಾರದರ್ಶಕ ಪಿವಿಸಿ, ಒಂದಿಂಚು ಹಿಮ್ಮಡಿ. ಗಾಳಿಯಾಡದೆ ಹತ್ತು ನಿಮಿಷಕ್ಕೆ ಒಳಗೆ ಬೆವರಿನ ಮಂಜು ಕಟ್ಟುತ್ತದೆ, ಹೊರಗಿನಿಂದ ಕಾಲೇ ಕಾಣುವುದಿಲ್ಲ. ಅಂಚು ಹಿಮ್ಮಡಿ ಕಚ್ಚುತ್ತದೆ. ಅಡಿ ನುಣುಪು, ಪಾಲಿಶ್ ಮಾಡಿದ ವೇದಿಕೆಯಲ್ಲಿ ಜಾರುತ್ತದೆ. 2015ರ ಚಿತ್ರದ ಹರಳಿನ ಪಾದರಕ್ಷೆಯನ್ನೂ ಯಾರೂ ಹಾಕಿಕೊಂಡು ನಡೆದಿಲ್ಲ. ನಟಿ ಬೇರೆ ಚಪ್ಪಲಿ ಹಾಕಿದ್ದರು, ಹರಳನ್ನು ಕಂಪ್ಯೂಟರಿನಲ್ಲಿ ಕೂಡಿಸಿದರು. ಮಗುವಿಗೆ ಅದರದೇ ಬೆಲ್ಲಿ ಶೂ ಹಾಕಿ, ಮೇಲೆ ಕನ್ನಡಿ ಕೆಲಸದ ಲೇಸು ಟಾಕಿ. ಮೆಟ್ಟಿಲ ಮೇಲೆ ಬಿಟ್ಟುಹೋಗುವುದಕ್ಕೆ ಮಾತ್ರ ಒಂದು ಪ್ಲಾಸ್ಟಿಕ್ ಬೂಟು ಸಾಕು, ಅದನ್ನೂ ಅಡಿಗೆ ಸ್ಟಿಕ್ಕಿಂಗ್ ಪ್ಲಾಸ್ಟರ್ ಅಂಟಿಸಿ ಇಡಿ.

ಮಂಡ್ಯದಲ್ಲಿ ಹುಡುಕುವವರಿಗೆ ಒಂದು ಸೂಚನೆ. ಅಲ್ಲಿನ ನಾಟಕದ ಸಾಮಾನು ಬಾಡಿಗೆಗೆ ಕೊಡುವವರಲ್ಲಿ ದೊಡ್ಡವರ ಪೌರಾಣಿಕ ಉಡುಪೇ ಹೆಚ್ಚು, ನೆಟ್ ಗೌನು ಕಡಿಮೆ. ಆದರೆ ರಾಜಾಪಾರ್ಟಿನ ಚಮ್ಕಿ ಕೆಲಸದ ಮಖಮಲ್ ಅಂಗಿ, ಭುಜಕೀರ್ತಿ, ಮಣಿಹಾರಗಳ ಕೆಲಸ ನೆಟ್ ಸೆಟ್ಟಿಗಿಂತ ಎಷ್ಟೋ ಮೇಲು. ರಾಜಕುಮಾರನಿಗೂ ಅರಮನೆಯ ದೂತನಿಗೂ ಅಲ್ಲಿಂದಲೇ ತನ್ನಿ. ಅಂಗಿಯ ತೋಳು ಒಳಕ್ಕೆ ಮಡಿಚಿ ಟಾಕಿದರೆ ಹತ್ತು ಹನ್ನೆರಡು ವರ್ಷದ ಹುಡುಗನಿಗೆ ಆಗುತ್ತದೆ. ಕಿರೀಟ ಸಡಿಲ ಇದ್ದರೆ ಒಳಗೆ ಅರ್ಧ ಇಂಚು ಸ್ಪಂಜು ಪಟ್ಟಿ ಕೊಡಿ.

ಸೆಟ್ಟೇ ಬೇಡ, ಬೇರೇನಾದರೂ ಮಾಡೋಣ ಎನ್ನುವ ಶಿಕ್ಷಕರಿಗೆ ಕನ್ನಡದಲ್ಲೇ ಒಂದು ಸಿಂಡ್ರೆಲಾ ಇದ್ದಾಳೆ. 1929ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಮಹಾರಾಜಾ ಕಾಲೇಜಿನಲ್ಲಿ ಓದಿದ ಎ. ಕೆ. ರಾಮಾನುಜನ್ ಸಂಗ್ರಹಿಸಿದ ಜನಪದ ಕಥೆಯ ಹಂಚಿ. ಹೊಂಗೂದಲಿನ ಹುಡುಗಿ. ಒಡಹುಟ್ಟಿದವನ ಕೆಟ್ಟ ಕಣ್ಣಿನಿಂದ ಕಾಪಾಡಲು ತಾಯಿ ಅವಳ ಮುಖಕ್ಕೆ ಮಣ್ಣಿನ ಮುಖವಾಡ ಮಾಡಿಕೊಟ್ಟು ಊರು ಬಿಡಿಸುತ್ತಾಳೆ. ಸಾಹುಕಾರರ ಮನೆಯಲ್ಲಿ ಕೆಲಸಕ್ಕೆ ಸೇರಿ, ಅಡುಗೆಯ ಕೈರುಚಿಗೆ ಹೆಸರಾಗುತ್ತಾಳೆ. ಮನೆಯವರು ಹೊರಗೆ ಹೋದ ದಿನ ಮುಖವಾಡ ತೆಗೆದು ಎಣ್ಣೆಸ್ನಾನ ಮಾಡುವಾಗ ಕಿರಿಯ ಮಗ ನೋಡುತ್ತಾನೆ. ಇಲ್ಲಿ ಚೆಲುವು ಹಚ್ಚಿಕೊಳ್ಳುವ ಸಂಗತಿ ಅಲ್ಲ, ಮೊದಲೇ ಇರುವುದು, ಜೋಪಾನಕ್ಕೆಂದು ಮುಚ್ಚಿಟ್ಟದ್ದು. ಸಣ್ಣ ಮಕ್ಕಳಿಗೆ ಆಡಿಸುವಾಗ ಅಣ್ಣನ ಭಾಗವನ್ನು ‘ಕೆಟ್ಟವರ ಕಣ್ಣು’ ಎಂದಷ್ಟೇ ಇಟ್ಟುಕೊಳ್ಳಬಹುದು.

ಮುಖವಾಡ ಮಾಡುವುದು ಸುಲಭ. ನಿಜವಾದ ಮಣ್ಣು ಬೇಡ, ಭಾರ. ಮಗುವಿನ ಮುಖದಷ್ಟು ದೊಡ್ಡ ಬಲೂನಿನ ಅರ್ಧಕ್ಕೆ ಮೈದಾ ಗಂಜಿಯಲ್ಲಿ ಅದ್ದಿದ ಪೇಪರ್ ಚೂರು ಆರು ಪದರ ಅಂಟಿಸಿ, ಎರಡೆರಡು ಪದರಕ್ಕೆ ಒಮ್ಮೆ ಪೂರ್ತಿ ಒಣಗಿಸಿ. ಒಟ್ಟಿಗೇ ಅಂಟಿಸಿದರೆ ಒಳಗೆ ಒದ್ದೆ ಉಳಿದು ಬೂಷ್ಟು ಬರುತ್ತದೆ. ಗಂಜಿಗೆ ಒಂದು ಚಮಚ ಉಪ್ಪು ಹಾಕಿದರೆ ಒಳ್ಳೆಯದು. ಮೇಲೆ ಕೆಮ್ಮಣ್ಣಿನ ಬಣ್ಣ. ಕಣ್ಣಿನ ತೂತು ಒಂದೂವರೆ ಇಂಚಿಗಿಂತ ಸಣ್ಣದಿದ್ದರೆ ಮಗುವಿಗೆ ಮೆಟ್ಟಿಲು ಕಾಣುವುದಿಲ್ಲ, ಬಾಯಿಯ ಕಡೆ ಅಗಲವಾಗಿ ಕತ್ತರಿಸದಿದ್ದರೆ ಮಾತು ಕೇಳುವುದಿಲ್ಲ. ಒಡೆಯುವ ದೃಶ್ಯಕ್ಕೆ ಮುಖವಾಡವನ್ನು ನಡುವೆ ಉದ್ದಕ್ಕೆ ಸೀಳಿ, ಒಳಗಿನಿಂದ ಮೂರು ಕಡೆ ಸಣ್ಣ ವೆಲ್ಕ್ರೊ ಹಾಕಿ ಜೋಡಿಸಿದರೆ ಎಳೆದ ಕೂಡಲೇ ಎರಡು ಹೋಳಾಗುತ್ತದೆ.

ಉಡುಪು ಬದಲಾಗುವ ದೃಶ್ಯ ಸಿಂಡ್ರೆಲಾಗೂ ಹಂಚಿಗೂ ಒಂದೇ ಉಪಾಯದಲ್ಲಿ ಬರುತ್ತದೆ. ಒಳಗೆ ಜರಿಲಂಗ, ಮೇಲೆ ಮಾಸಿದ ಕಾಟನ್ ಬಟ್ಟೆಯ ನಿಲುವಂಗಿ. ಬೆನ್ನಿಗೆ ಎರಡಿಂಚಿನ ವೆಲ್ಕ್ರೊ ತುಂಡು ನಾಲ್ಕು ಕಡೆ ಮಾತ್ರ. ಉದ್ದಕ್ಕೂ ಹಾಕಿದರೆ ಎಳೆಯಲು ಬಲ ಸಾಲದು, ಒರಟು ಬದಿ ಜರಿಯನ್ನು ಕಚ್ಚಿ ಎಳೆ ಕೀಳುತ್ತದೆ. ಒರಟು ಬದಿ ಯಾವಾಗಲೂ ಹೊರಬಟ್ಟೆಯ ಕಡೆ, ಹೊರಮುಖವಾಗಿ ಇರಲಿ. ಹಿಂದೆ ನಿಂತ ಇನ್ನೊಂದು ಮಗು ಎಳೆಯಬೇಕು, ದೀಪ ಆರಿಸಿ ಹತ್ತಿಸುವಷ್ಟರಲ್ಲಿ ಮುಗಿಯಬೇಕು. ಹತ್ತು ಸೆಕೆಂಡಿನೊಳಗೆ ಬರುವವರೆಗೂ ಅಭ್ಯಾಸ ಮಾಡಿಸಿ.

ಬಾಡಿಗೆ ವ್ಯವಹಾರದ ಕಡೆಗೆ ಬಂದರೆ, ಡಿಸೆಂಬರಿಗೆ ಎರಡು ವಾರ ಮೊದಲೇ ಹೇಳಿಡಿ. ಕೊನೆಯ ದಿನ ಉಳಿಯುವುದು ಹರಿದದ್ದು, ಅಳತೆ ತಪ್ಪಿದ್ದು. ಪೂರ್ತಿ ಸೆಟ್ಟೇ ತಗೊಳ್ಳಿ ಎಂದರೂ ಗೌನು ಮತ್ತು ಕಿರೀಟಕ್ಕೆ ಬೇರೆ ದರ ಕೇಳಿ, ಹೆಚ್ಚಿನವರು ಕೊಡುತ್ತಾರೆ. ಎಷ್ಟು ಗಂಟೆಗೆ ವಾಪಸ್ ಕೊಡಬೇಕು, ತಡವಾದರೆ ಎಷ್ಟು, ಕಲೆಯಾದರೆ ಎಷ್ಟು ಎಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಅಡ್ವಾನ್ಸಿಗೆ ಆಧಾರ್ ಮೂಲಪ್ರತಿ ಬಿಡಬೇಡಿ, ನಗದು ಕೊಡಿ. ತೆಗೆದುಕೊಳ್ಳುವಾಗಲೇ ಇರುವ ಹರುಕು, ಕಲೆಗಳ ಫೋಟೊ ಅಂಗಡಿಯವರ ಎದುರೇ ತೆಗೆಯಿರಿ. ಹೆಚ್ಚಾಗಿ ಕಳೆಯುವುದು ಒಂದು ಕೈಗವಸು ಮತ್ತು ದಂಡದ ತುದಿಯ ನಕ್ಷತ್ರ. ಅವುಗಳ ಹೆಸರನ್ನೂ ಬಿಲ್ಲಿನಲ್ಲಿ ಬೇರೆ ಬೇರೆಯಾಗಿ ಬರೆಸಿ, ಇಲ್ಲವಾದರೆ ಒಂದು ಕೈಗವಸಿಗೆ ಪೂರ್ತಿ ಸೆಟ್ಟಿನ ಅಡ್ವಾನ್ಸ್ ಹಿಡಿಯುತ್ತಾರೆ.